ನೀರು ಕುಡಿದ ಮೇಲೆ

ಎಪ್ಪತ್ತೊಂಬತ್ತರ ಮಳೆಗಾಲ ಮುಗಿಯುವ ಹೊತ್ತಿಗೆ ಖಾನಾಪುರದ ಆ ಮನೆಯಲ್ಲಿ ಎರಡು ಒಲೆಗಳಾಗಿದ್ದವು. ಅಡಿಗೆಮನೆಯ ಒಲೆಯ ಮುಂದೆ ಸಂಗವ್ವ ಕೂರುತ್ತಿದ್ದಳು. ಹಿತ್ತಲ ಬಾಗಿಲ ಹೊರಗೆ ಮೂರು ಕಲ್ಲಿಟ್ಟು ಹೂಡಿದ ಒಲೆ ಅವಳ ತಾಯಿ ಗೌರವ್ವನದು. ಮಗಳ ಕೈಯ ಅನ್ನ ಗೌರವ್ವನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಇಬ್ಬರ ನಡುವೆ ಓಡಾಡುವುದು ಹಿರಿಯ ಸೊಸೆ ಕಾಂತಾಳ ಪಾಲಿಗೆ ಬಂದಿತ್ತು. ಬೆಳಿಗ್ಗೆ ಎದ್ದು ನೀರು ಸೇದಿ, ಅತ್ತೆಗೆ ಹಸಿ ಕಟ್ಟಿಗೆಯಲ್ಲಿ ಒಣಗಿದ್ದನ್ನು ಆರಿಸಿ ಕೊಟ್ಟು, ನಾದಿನಿ ಬಡಿದ ರೊಟ್ಟಿ ಕಟ್ಟಿಕೊಂಡು ಹೈಸ್ಕೂಲಿಗೆ ಹೋಗುವಳು. ಅಲ್ಲಿ ಅವಳು ವಿಜ್ಞಾನದ ಮಾಸ್ತರಿಣಿ, ಮಕ್ಕಳ ಬಾಯಲ್ಲಿ 'ಬಾಯಾರು'. ಗಂಡ ಗುರುಪುತ್ರಪ್ಪ ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತ. ಗಂಡನ ತಮ್ಮ ಉಳವಪ್ಪ ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿದ್ದ. ಅವನು ಕೊಂದದ್ದು ಸಂಗವ್ವನ ಗಂಡ ಅಡಿವೆಪ್ಪನನ್ನು. ಅದನ್ನು ಕಣ್ಣಾರೆ ಕಂಡವಳು ಸಂಗವ್ವ. ಸರಕಾರದ ಕಡೆಯ ಮೊದಲ ಸಾಕ್ಷಿ ಅವಳೇ.

"ಗಂಡ ಅಂತೂ ಹೋದ, ತಿರುಗಿ ಬರೂದಿಲ್ಲ," ಎಂದು ಗೌರವ್ವ ಒಲೆ ಊದುತ್ತಲೇ ಶುರುಮಾಡುವಳು. "ಇದ್ದ ಅಣ್ಣನ್ನರ ಉಳಸಬಾರದೇನ?"

"ಯವ್ವಾ, ಪೊಲೀಸರ ಮುಂದ ಕಂಡದ್ದು ಹೇಳೇನಿ. ಕೋರ್ಟಿನ್ಯಾಗೂ ಅದನ್ನ ಹೇಳ್ತೀನಿ."

"ನಿನ್ನ ತುರುಬು ಹಿಡದು ಹೊಚ್ಚಲ ಮ್ಯಾಲೆ ಎಳ್ಯಾಡುವಾಗ ಯಾರು ಬಂದ್ರು? ಓಣಿ ಮಂದಿ ಬಂದ್ರೇನ?"

"ಅಣ್ಣ ಬಂದ. ಇಲ್ಲಂದೇನೇನ ನಾ?" ಸಂಗವ್ವ ರೊಟ್ಟಿ ತಿರುವಿ ಹಾಕುವಳು. "ಆದ್ರ ಕಡೀಕ ನನ್ನ ಗಂಡ ಕಟ್ಟಿ ಮ್ಯಾಲ ಕುಂತು ಅಳಾಕತ್ತಿದ್ದ, ಯವ್ವಾ. ಕೈ ಎತ್ತಿರಲಿಲ್ಲ. ನಾಳೆ ಚಂದ್ರಿ ದೊಡ್ಡಾಕಿ ಆಗಿ ನಮ್ಮಪ್ಪ ಹೆಂಗ ಸತ್ತ ಅಂತ ಕೇಳಿದ್ರ ಏನ್ ಹೇಳ್ಲಿ?"

ಚಂದ್ರಿ ಅವಳ ಮಗಳು, ಐದು ವರ್ಷದವಳು. ಅಜ್ಜಿಯ ಒಲೆಯ ಹತ್ತಿರವೂ ಹೋಗುವಳು, ಅವ್ವನ ಒಲೆಯ ಹತ್ತಿರವೂ ಹೋಗುವಳು. ಎರಡೂ ಕಡೆ ಉಣ್ಣುವ ಜೀವ ಆ ಮನೆಯಲ್ಲಿ ಅದೊಂದೇ.

ನಡೆದದ್ದು ಒಂದು ರವಿವಾರ ಮಧ್ಯಾಹ್ನ. ಅಡಿವೆಪ್ಪ ಲೋಂಡಾದ ಕಟ್ಟಿಗೆ ಡಿಪೋದಲ್ಲಿ ಲೆಕ್ಕ ಬರೆಯುತ್ತಿದ್ದ. ಕುಡಿದಾಗ ಹೊಡೆಯುತ್ತಿದ್ದ, ಇಳಿದ ಮೇಲೆ ಕಾಲು ಹಿಡಿಯುತ್ತಿದ್ದ. ಹೊಡೆತ ತಾಳದೆ ತವರಿಗೆ ಬಂದ ಹೆಂಡತಿಯನ್ನು ಕರೆದೊಯ್ಯಲು ಅಂದು ಕುಡಿದೇ ಬಂದ. ಬರುವುದಿಲ್ಲ ಎಂದದ್ದಕ್ಕೆ ಕೂದಲು ಹಿಡಿದೆಳೆದು, ಕೆಡವಿ, ಹೊಟ್ಟೆಗೆ ಒದ್ದ. ಉಳವಪ್ಪ ಹೊರಗಿನಿಂದ ಬಂದವನು ಅವನ ಕೊರಳಪಟ್ಟಿ ಹಿಡಿದು ಹೊರಗೆ ನೂಕಿದ. ಇಬ್ಬರೂ ಜಗ್ಗಾಡಿದರು, ಬೈದಾಡಿದರು. ಕೊನೆಗೆ ಅಡಿವೆಪ್ಪ ಕಟ್ಟೆಯ ಮೇಲೆ ಕುಸಿದು ಕೂತ. ಉಳವಪ್ಪ ಅವನನ್ನು ಬಿಟ್ಟು ಒಳಗೆ ಬಂದ.

ಕಾಂತಾ ಅಡಿಗೆಮನೆಯಲ್ಲಿದ್ದಳು. ಮೈದುನ ಏದುಸಿರು ಬಿಡುತ್ತಿದ್ದ. ತಂಬಿಗೆ ತುಂಬಿ ಕೊಟ್ಟು, "ನೀರು ಕುಡೀರಿ. ಸಮಾಧಾನ ಮಾಡ್ಕೋರಿ," ಎಂದಳು. ಅವನು ಪೂರ್ತಿ ಕುಡಿದ. ತಂಬಿಗೆಯನ್ನು ಸದ್ದಾಗದಂತೆ ಕೆಳಗಿಟ್ಟ. ಮುಗಿಯಿತು ಅಂದುಕೊಂಡು ಅವಳು ಉಕ್ಕುತ್ತಿದ್ದ ಅನ್ನದ ಕಡೆ ತಿರುಗಿದಳು. ಅವನು ಹಿತ್ತಲಿಗೆ ಹೋಗಿ, ಒರಳಿನ ಪಕ್ಕದಲ್ಲಿ ನಿಲ್ಲಿಸಿದ್ದ ಒನಕೆ ತೆಗೆದುಕೊಂಡು, ಅವಳ ಬೆನ್ನ ಹಿಂದಿನಿಂದಲೇ ಹಾದು, ಪಡಸಾಲೆ ದಾಟಿ ಕಟ್ಟೆಗೆ ಹೋದ. ಒಂದೇ ಏಟು. ಅಡಿವೆಪ್ಪ ಬೆಳಗಾವಿಯ ಆಸ್ಪತ್ರೆ ಮುಟ್ಟಲಿಲ್ಲ.

ಪಡಸಾಲೆಯಲ್ಲಿ ಬಿದ್ದಿದ್ದ ಸಂಗವ್ವ ಅಣ್ಣ ಒಳಗೆ ಹೋದದ್ದನ್ನು ಕಂಡಿದ್ದಳು, ಒನಕೆ ಹಿಡಿದು ಬಂದದ್ದನ್ನೂ ಕಂಡಿದ್ದಳು. ನೀರಿನ ಸಂಗತಿ ಅವಳಿಗೆ ಗೊತ್ತಿರಲಿಲ್ಲ. ಪೊಲೀಸರು ಕಾಂತಾಳನ್ನು ಕೇಳಿದಾಗ, ಗದ್ದಲ ಕೇಳಿ ಹೊರಗೆ ಬಂದೆ ಎಂದಷ್ಟೇ ಅವಳು ಹೇಳಿದ್ದಳು. ನೀರಿನ ಬಗ್ಗೆ ಯಾರೂ ಕೇಳಿರಲಿಲ್ಲ.

ಶಾಲೆಯಲ್ಲಿ ಅವಳು ಮಕ್ಕಳಿಗೆ ವಿಜ್ಞಾನದ ಪಿಚ್ಚರ್ ತೋರಿಸುತ್ತಿದ್ದಳು. ಶಿಕ್ಷಣ ಇಲಾಖೆಯ ಪ್ರೊಜೆಕ್ಟರನ್ನು ಕಬ್ಬಿಣದ ಪೆಟ್ಟಿಗೆಯಲ್ಲಿ ಬೆಳಗಾವಿಯಿಂದ ಬಸ್ಸಿನ ಮೇಲೆ ಹೇರಿ ತರುವುದು, ಕಿಟಕಿಗಳಿಗೆ ಕಂಬಳಿ ಕಟ್ಟುವುದು, ಕರೆಂಟು ಹೋಗದಿರಲಿ ಎಂದು ಕಾಯುವುದು. ಬೇರೆ ಮಾಸ್ತರರಿಗೆ ಇದು ಇಲ್ಲದ ಉಸಾಬರಿ. ಇಂಗ್ಲಿಷಿನಲ್ಲಿ ಯಾರೋ ಹೇಳುವ ವಿವರಣೆಯ ಧ್ವನಿ ಇಳಿಸಿ, ಪರದೆಯ ಪಕ್ಕದಲ್ಲಿ ನಿಂತು ತಾನೇ ಕನ್ನಡದಲ್ಲಿ ಹೇಳುವಳು, ತಿಳಿಯದವರಿಗೆ ಮರಾಠಿಯಲ್ಲೂ ಒಂದು ಮಾತು ಸೇರಿಸುವಳು. ಸುಮ್ಮನೆ ನೋಡಿ ಮನೆಗೆ ಹೋಗುವಂತಿಲ್ಲ. ನಡುವೆ ಯಂತ್ರ ನಿಲ್ಲಿಸಿ, "ಈಗ ಏನ ಕಂಡ್ರಿ? ತಿಳದದ್ದಲ್ಲ, ಕಂಡದ್ದು ಹೇಳ್ರಿ," ಎಂದು ಕೇಳುವಳು.

ದಸರಾ ರಜೆ ಮುಗಿದ ಮೇಲೆ ಬಂದದ್ದು ಹೃದಯದ ಚಿತ್ರ. ಅದರಲ್ಲೊಂದು ಬೆಕ್ಕಿನ ಮುಂದೆ ನಾಯಿ ಬರುತ್ತದೆ. ಬೆಕ್ಕಿನ ಮೈ ಸೆಟೆಯುತ್ತದೆ. ಸಿಟ್ಟಿಗೋ ಹೆದರಿಕೆಗೋ ಮೂತ್ರಪಿಂಡದ ಮೇಲಿನ ಗ್ರಂಥಿಯಿಂದ ಒಂದು ರಸ ರಕ್ತಕ್ಕೆ ಇಳಿದು ಎದೆ ಡವಡವ ಬಡಿಯುತ್ತದೆ. ನಾಯಿ ಹೋಗಿಬಿಟ್ಟ ಮೇಲೂ ಆ ಬಡಿತ ಕೂಡಲೇ ನಿಲ್ಲುವುದಿಲ್ಲ.

ಅಲ್ಲಿಗೆ ಬಂದಾಗ ಕಾಂತಾಳ ಮಾತು ನಿಂತಿತು. ಚಿತ್ರ ತನ್ನಷ್ಟಕ್ಕೆ ಓಡಿತು. ಅವಳು ರೀಲು ಹಿಂದಕ್ಕೆ ಸುತ್ತಿ ಅದನ್ನೇ ಮತ್ತೆ ತೋರಿಸಿದಳು. ಆಮೇಲೆ ಮಕ್ಕಳನ್ನು ಮೈದಾನಕ್ಕೆ ಕರೆದೊಯ್ದು ಓಡಿಸಿದಳು. ಏದುಸಿರು ಬಿಡುತ್ತ ಬಂದವರಿಗೆ ಕೊಡದಿಂದ ನೀರು ಕೊಟ್ಟು, ಕೂರಿಸಿ, ನಾಡಿ ಹಿಡಿದುಕೊಳ್ಳಲು ಹೇಳಿದಳು.

"ನೀರು ಕುಡದ್ರೂ ಇಳೀವಲ್ದರಿ ಬಾಯಾರ," ಎಂದಳು ಒಬ್ಬ ಹುಡುಗಿ. "ಹಂಗ ಬಡ್ಯಾಕತ್ತೇತಿ."

"ಹೌದಾ? ಖರೇನ ಬಡ್ಯಾಕತ್ತೇತಾ?" ಕಾಂತಾ ಆ ಹುಡುಗಿಯ ಮಣಿಕಟ್ಟು ಹಿಡಿದು ಬಹಳ ಹೊತ್ತು ಬಿಡಲೇ ಇಲ್ಲ.

ಆ ಶನಿವಾರ ಅವಳು ಗಂಡನೊಂದಿಗೆ ಬೆಳಗಾವಿಗೆ ಹೋದಳು. ಉಳವಪ್ಪನ ವಕೀಲ ಚನ್ನಬಸಯ್ಯನವರ ಕಚೇರಿ ರವಿವಾರ ಪೇಟೆ ಎಂಬ ಬೀದಿಯಲ್ಲಿ ಕಾಳಿನ ಅಂಗಡಿಯೊಂದರ ಮಾಳಿಗೆಯ ಮೇಲಿತ್ತು. ಕೆಳಗೆ ಹಮಾಲರು ಚೀಲ ಎಸೆಯುವ ಸದ್ದು. ಮೆಣಸಿನಕಾಯಿಯ ಘಾಟು ಮೇಲಿನವರೆಗೂ ಬರುತ್ತಿತ್ತು.

"ಸತ್ತದ್ದು ಒಂದ, ಕಾಯ್ದೆಯೊಳಗ ಅದಕ್ಕ ಹೆಸರು ಎರಡು," ಎಂದು ವಕೀಲರು ವಿವರಿಸಿದರು. "ಕೊಲ್ಲಬೇಕಂತ ಮನಸ್ಸು ಮಾಡಿ ಕೊಂದ್ರ ಮುನ್ನೂರಾ ಎರಡು. ಗಲ್ಲು, ಇಲ್ಲಾ ಜನ್ಮಠೇಪಿ, ಅಂದ್ರ ಜೀವ ಇರೂತನಕ ಜೈಲು. ಎದುರಿನಾಂವ ಕೆಣಕಿದ, ಸಿಟ್ಟು ನೆತ್ತಿಗೇರಿತು, ವಿಚಾರ ಮಾಡಾಕ ಪುರಸೊತ್ತಿಲ್ಲದ ಹೊಡದ ಅಂದ್ರ ಮುನ್ನೂರಾ ನಾಲ್ಕು. ಏಳೆಂಟು ವರ್ಷಕ್ಕ ಮನಿಗಿ ಬರ್ತಾನ. ನಿಮ್ಮ ನಾದಿನಿ 'ಒಳಗ ಹೋಗಿ ತಂದ' ಅಂತಾಳಲ್ಲ, ಅದ ತೊಡಕು."

"ಸಿಟ್ಟು ಹಂಗ ಇಳಿಯೂದಿಲ್ಲರಿ," ಎಂದಳು ಕಾಂತಾ. ಪಿಚ್ಚರಿನ ಬೆಕ್ಕು, ರಕ್ತಕ್ಕಿಳಿಯುವ ರಸ, ಮಕ್ಕಳ ನಾಡಿ, ಎಲ್ಲ ಒಂದೇ ಉಸಿರಿಗೆ ಹೇಳಿದಳು. "ಮೈದುನ ಒಳಗ ಬಂದಾಗ ನಾನ ನೀರು ಕೊಟ್ಟೆ. ಕುಡದ್ರು. ಆದ್ರೂ ಎದಿಯೊಳಗಿಂದು ಇಳದಿರಲಿಲ್ಲರಿ. ವಿಜ್ಞಾನನ ಹಂಗ ಹೇಳತೈತಿ. ಆ ಚಿತ್ರ ಕೋರ್ಟಿನ್ಯಾಗ ತೋರಸಾಕ ಬರೂದಿಲ್ಲೇನ್ರಿ?"

ವಕೀಲರು ಪೆನ್ನು ಕೆಳಗಿಟ್ಟರು. "ನೀರು ಕುಡದನೇನ?"

"ಹೌದರಿ."

"ನಿಂತು ಕುಡದ, ತಂಬಿಗಿ ಇಟ್ಟ, ಆಮ್ಯಾಲೆ ಒನಕಿ ತಗೊಂಡ?"

"ಹೌದರಿ."

"ಯಾರ ಮುಂದ ಹೇಳೀರಿ ಇದನ್ನ?"

"ಯಾರ ಮುಂದೂ ಇಲ್ಲ."

"ಇನ್ನ ಮ್ಯಾಲೂ ಹೇಳಬ್ಯಾಡ್ರಿ." ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ನಿಮ್ಮ ಪಿಚ್ಚರಿನೊಳಗ ಸಿಟ್ಟು ತಾಸಗಟ್ಟಲೆ ಇರಬಹುದು ಬಾಯಾರ. ಕೋರ್ಟಿನೊಳಗ ಒಂದು ತಂಬಿಗಿ ನೀರಿಗೆ ಇಳದು ಹೋಗತೈತಿ. ನೀರು ಕುಡಿಯಾಕ ಪುರಸೊತ್ತಿದ್ದಾಂವಗ ವಿಚಾರ ಮಾಡಾಕೂ ಪುರಸೊತ್ತಿತ್ತು ಅಂತಾರ. ಸುಳ್ಳು ಹೇಳ್ರಿ ಅಂತ ನಾ ಹೇಳೂದಿಲ್ಲ. ಒನಕಿ ಎಲ್ಲಿತ್ತು, ನಿಮಗ ಸರಿಯಾಗಿ ನೆನಪೈತೇನು, ಮನಿಗಿ ಹೋಗಿ ವಿಚಾರ ಮಾಡ್ರಿ."

ಸಂಜೆಯ ಬಸ್ಸಿಗೆ ಇಬ್ಬರೂ ಮನೆಗೆ ಬಂದರು. ಊಟಕ್ಕೆ ಕೂತಾಗ ಗುರುಪುತ್ರಪ್ಪ ಅನ್ನ ಕಲಸುತ್ತ, "ಒನಕಿ ಪಡಸಾಲ್ಯಾಗ ಇತ್ತು," ಎಂದ.

"ಹಿತ್ತಲದಾಗ ಇತ್ತರಿ."

"ಪಡಸಾಲಿ ಮೂಲ್ಯಾಗ ಇತ್ತು. ಅವ್ವ ಅವತ್ತ ಭತ್ತ ಕುಟ್ಟಿ ಅಲ್ಲೇ ಇಟ್ಟಿದ್ಲು."

"ನಾ ಮಕ್ಕಳಿಗಿ ದಿನಾ ಏನ ಕಲಸ್ತೀನಿ ಗೊತ್ತೈತೇನ್ರಿ ನಿಮಗ?"

"ಮಕ್ಕಳಿಗಿ ಏನರ ಕಲಸು. ನನ್ನ ತಮ್ಮನ್ನ ಗಲ್ಲಿಗಿ ಹಾಕಬ್ಯಾಡ." ಅವನು ಅರ್ಧ ಊಟದಲ್ಲೇ ಕೈ ತೊಳೆದ. "ಸಮಾಧಾನ ಮಾಡ್ಕೋ ಅಂತ ನೀರು ಕೊಟ್ಟಾಕಿ ನೀನ. ಅದರ ಸಲುವಾಗಿ ಅವ ಸಾಯಬೇಕೇನ?"

ಆ ಮಾತು ಕಾಂತಾಳ ಎದೆಯಲ್ಲಿ ಕೂತುಬಿಟ್ಟಿತು. ಅವಳು ಸೋಮವಾರ ಒಂಬತ್ತನೇ ಇಯತ್ತೆಗೆ ಅದೇ ಚಿತ್ರ ತೋರಿಸಿದಳು. ಅದರ ಮರುದಿನ ಹತ್ತನೆಯವರಿಗೆ. ಮುಖ್ಯೋಪಾಧ್ಯಾಯ ಸಿದರಾಯ ಮಾಸ್ತರರು ಕರೆಸಿ, "ಪಾಲಕರು ಬಂದಿದ್ರರಿ. ಖೂನಿ ಆದ ಮನಿ ಬಾಯಾರು ಮಕ್ಕಳಿಗಿ ದಿನಾ ರಕ್ತದ ಪಿಚ್ಚರ್ ತೋರಸ್ತಾರ ಅಂತಾರ. ಪೆಟಗಿ ತಿರುಗಿ ಕಳಸ್ರಿ," ಎಂದರು. ಅವಳು ಕಳಿಸಿದಳು.

ಜನವರಿಯಲ್ಲಿ ಬೆಳಗಾವಿಯ ಸೆಷನ್ಸ್ ಕೋರ್ಟಿನಲ್ಲಿ ವಿಚಾರಣೆ ಶುರುವಾಯಿತು. ಮೊದಲ ದಿನ ಸಂಗವ್ವ ಕಟಕಟೆ ಹತ್ತಿದಳು. ಸರಕಾರಿ ವಕೀಲರು ಕೇಳಿದ್ದಕ್ಕೆಲ್ಲ ಕಂಡದ್ದನ್ನು ಕಂಡಂತೆ ಹೇಳಿದಳು. ಆಮೇಲೆ ಚನ್ನಬಸಯ್ಯನವರು ಎದ್ದರು. ತಮ್ಮ ಕಚೇರಿಯಲ್ಲಿ ಮೆತ್ತಗೆ ಮಾತಾಡಿದ ಮನುಷ್ಯ ಅಲ್ಲಿ ಬೇರೆಯೇ ಆಗಿದ್ದರು.

"ಗಂಡ ಹೊಡೆಯುತ್ತಿದ್ದ. ಆದರೂ ಅವನ ಪರವಾಗಿ ಹೇಳುತ್ತಿದ್ದೀಯಾ?"

"ಯಾರ ಪರವೂ ಅಲ್ಲರಿ. ಕಂಡದ್ದು ಹೇಳ್ತೀನಿ."

"ಅಣ್ಣ ಜೈಲಿಗೆ ಹೋದರೆ ತವರಿನ ಗದ್ದೆಯಲ್ಲಿ ನಿನಗೆ ಪಾಲು ಸಿಗುತ್ತದೆ. ಹೌದೋ ಅಲ್ಲವೋ?"

"ಅಲ್ಲರಿ."

"ಲೋಂಡಾದಲ್ಲಿ ನಿನ್ನ ನಡತೆಯ ಮೇಲೆ ಗಂಡನಿಗೆ ಸಂಶಯ ಇತ್ತು. ಅದಕ್ಕೇ ಹೊಡೆಯುತ್ತಿದ್ದ. ಅದನ್ನು ಮುಚ್ಚಲು ಈ ಕಥೆ ಕಟ್ಟಿದ್ದೀಯಾ."

ಸಂಗವ್ವ ಸೆರಗನ್ನು ಬಾಯಿಗೆ ಹಿಡಿದುಕೊಂಡಳು. ಆರೋಪಿಯ ಜಾಗದಲ್ಲಿ ನಿಂತಿದ್ದ ಉಳವಪ್ಪ ತಲೆ ಎತ್ತಿ ಮೊದಲು ವಕೀಲರನ್ನು, ಆಮೇಲೆ ಬೆಂಚಿನ ಮೇಲಿದ್ದ ತಾಯಿಯನ್ನು ನೋಡಿದ. ಗೌರವ್ವ ಮುಖ ತಿರುಗಿಸಿದಳು.

ಮರುದಿನ ಕಾಂತಾಳ ಸರದಿ. ಕೈಯೆತ್ತಿ ಪ್ರಮಾಣ ಮಾಡಿದಳು. ಗದ್ದಲವಾದಾಗ ಆರೋಪಿ ಒಳಗೆ ಬಂದನೇ ಎಂದು ಸರಕಾರಿ ವಕೀಲರು ಕೇಳಿದರು.

"ಇಲ್ಲ. ಒಳಗ ಬರಲಿಲ್ಲ."

"ಒನಕೆ ಎಲ್ಲಿತ್ತು?"

"ಪಡಸಾಲಿ ಮೂಲ್ಯಾಗ. ಜಗಳ ನಡೆದಾಗನ ಕೈಗೆ ಸಿಕ್ಕದ್ದು ತಗೊಂಡು ಹೊಡದ್ರು."

ಸರಕಾರಿ ವಕೀಲರು ಅವಳನ್ನು ತಿರುಗಿಬಿದ್ದ ಸಾಕ್ಷಿ ಎಂದು ಹೇಳಿ ಗದರಿಸಿ ಕೇಳಿದರು. ಅವಳು ಮತ್ತೆ ಅದನ್ನೇ ಹೇಳಿದಳು. ಹೊರಗೆ ಜಗಲಿಯಲ್ಲಿ ಕೂತಿದ್ದ ಸಂಗವ್ವ, "ವೈನಿ, ಚಾ ಕುಡೀತೀರೇನ?" ಎಂದಳು. ಒಳಗೆ ಏನು ನಡೆಯಿತೆಂದು ಅವಳಿಗಿನ್ನೂ ಯಾರೂ ಹೇಳಿರಲಿಲ್ಲ.

ಸಾಕ್ಷಿಗಳೆಲ್ಲ ಮುಗಿದ ಮೇಲೆ ನ್ಯಾಯಾಧೀಶರು ಆರೋಪಿಯನ್ನೇ ಕೇಳುವ ದಿನ ಬಂತು. ಪ್ರತಿಯೊಂದಕ್ಕೂ 'ಸುಳ್ಳು' ಎಂದಷ್ಟೇ ಹೇಳಬೇಕೆಂದು ವಕೀಲರು ಉಳವಪ್ಪನಿಗೆ ಕಲಿಸಿದ್ದರು. ಮೊದಲ ಕೆಲವಕ್ಕೆ ಅವನು ಹಾಗೆಯೇ ಹೇಳಿದ.

"ನೀನು ಒಳಗೆ ಹೋಗಿ ಒನಕೆ ತಂದೆ ಎಂದು ಸಂಗವ್ವ ಸಾಕ್ಷಿ ನುಡಿದಿದ್ದಾಳೆ. ಏನು ಹೇಳುತ್ತೀಯಾ?"

ಚನ್ನಬಸಯ್ಯನವರು ಕೆಮ್ಮಿದರು.

"ಖರೇ ಐತ್ರಿ," ಎಂದ ಉಳವಪ್ಪ. "ನನ್ನ ತಂಗಿ ಸುಳ್ಳು ಹೇಳಾಕಿ ಅಲ್ಲರಿ. ಅಕಿ ನಡತಿ ಮ್ಯಾಲ ಯಾರೂ ಮಾತಾಡಬಾರದ್ರಿ. ನಾ ಒಳಗ ಹೋದೆ. ನೀರು ಕುಡದೆ. ಆಮ್ಯಾಲೆ ಹಿತ್ತಲಕ್ಕ ಹೋಗಿ ಒನಕಿ ತಂದೆ. ಅಂವ ಕುಂತಿದ್ದ. ಹೊಡದೆ."

ನ್ಯಾಯಾಧೀಶರು ಬರೆದುಕೊಳ್ಳುವವನಿಗೆ ತಡೆಯಲು ಸನ್ನೆ ಮಾಡಿದರು. "ಅರ್ಥ ಮಾಡಿಕೊಂಡು ಹೇಳುತ್ತಿದ್ದೀಯೇನಪ್ಪಾ?"

"ಹೌದರಿ."

"ನೀರು ಯಾರು ಕೊಟ್ಟರು?"

ಕಾಂತಾ ಬೆಂಚಿನ ಅಂಚು ಹಿಡಿದುಕೊಂಡಳು. ಉಳವಪ್ಪ ಅವಳ ಕಡೆ ನೋಡಲಿಲ್ಲ.

"ಯಾರೂ ಇಲ್ಲರಿ. ನಾನ ತಗೊಂಡೆ."

ತೀರ್ಪು ಬಂದದ್ದು ಮುನ್ನೂರಾ ಎರಡರ ಕೆಳಗೆ. ಗಲ್ಲು ತಪ್ಪಿತು, ಜನ್ಮಠೇಪೆಯಾಯಿತು. ಎರಡನೆಯ ಸಾಕ್ಷಿಯ ಮಾತು ನಂಬಲು ಯೋಗ್ಯವಲ್ಲ ಎಂದೂ ತೀರ್ಪಿನಲ್ಲಿತ್ತು. ಪೊಲೀಸರು ಉಳವಪ್ಪನನ್ನು ವ್ಯಾನಿಗೆ ಹತ್ತಿಸುವಾಗ ಗೌರವ್ವ ಕೋರ್ಟಿನ ಅಂಗಳದಲ್ಲೇ ಮಗಳ ಮೇಲೆ ಬಿದ್ದಳು. ತೋಳು ಹಿಡಿದು ಅಲುಗಾಡಿಸುತ್ತ, "ತೃಪ್ತಿ ಆತೇನ? ಗಂಡನ್ನೂ ತಿಂದಿ, ಅಣ್ಣನ್ನೂ ತಿಂದಿ. ನಿನ್ನ ಮಾತಿಗಾಗಿ ಒಪ್ಪಿಕೊಂಡ ಅಂವ," ಎಂದಳು. ಚಂದ್ರಿ ಅಳತೊಡಗಿದಳು.

"ಅಕೀನ ಬಿಡ್ರಿ ಅತ್ತಿ," ಎಂದಳು ಕಾಂತಾ. "ನೀರು ಕೊಟ್ಟಾಕಿ ನಾನು. ಕೋರ್ಟಿನ್ಯಾಗ ಸುಳ್ಳು ಹೇಳಿದಾಕೀನೂ ನಾನು. ನಾ ಸುಳ್ಳು ಹೇಳಿದ್ದಕ್ಕ ಅಕಿ ಸುಳ್ಳುಗಾರ್ತಿ ಆದ್ಲು. ಅದಕ್ಕ ಮೈದುನ ಬಾಯಿ ಬಿಟ್ರು."

"ಬಾಯಿ ಮುಚ್ಚು," ಎಂದ ಗುರುಪುತ್ರಪ್ಪ. "ಇಲ್ಲಿ ಮಂದಿ ಅದಾರ."

ಗೌರವ್ವನ ಕೈ ಮಗಳ ತೋಳಿನಿಂದ ಜಾರಿತು. ಅವಳು ನೆಲದ ಮೇಲೆ ಕೂತು, ವ್ಯಾನು ಹೋದ ದಾರಿಯನ್ನು ನೋಡುತ್ತ, "ಯಾಕ ಕೊಟ್ಟಿ ನೀರು?" ಎಂದಳು.

"ಸಿಟ್ಟು ಇಳೀಲಿ ಅಂತರಿ."

"ಇಳೀತೇನ?"

ಕಾಂತಾ ಅಳುತ್ತಿದ್ದ ಚಂದ್ರಿಯನ್ನು ಎತ್ತಿಕೊಂಡಳು.

ಮನೆಗೆ ಬಂದ ಮೇಲೆ ಗೌರವ್ವ ಹಿತ್ತಲ ಒಲೆ ಹೂಡಲಿಲ್ಲ. ಮಗಳು ಬಡಿಸಿದ್ದನ್ನು ಎರಡು ತುತ್ತು ಉಂಡಳು. ಸೊಸೆಯೊಡನೆ ಮಾತ್ರ ಮಾತು ಬಿಟ್ಟಳು. ಏನಾದರೂ ಬೇಕಾದರೆ ಚಂದ್ರಿಯ ಕಡೆಯಿಂದ ಹೇಳಿಕಳಿಸುವಳು. ಗುರುಪುತ್ರಪ್ಪನಿಗೆ ಹೆಂಡತಿ ಸುಳ್ಳು ಹೇಳಿದ್ದಕ್ಕೆ ಸಿಟ್ಟಿರಲಿಲ್ಲ. ಅದನ್ನು ಅಂಗಳದಲ್ಲಿ ನಾಲ್ಕು ಜನರೆದುರು ಆಡಿದ್ದಕ್ಕೆ ಸಿಟ್ಟು. ಪಡಸಾಲೆಯಲ್ಲಿ ಹಾಸಿಕೊಳ್ಳತೊಡಗಿದ.

ಶಾಲೆಯ ಆಡಳಿತ ಮಂಡಳಿಯವರು ಕರೆಸಿದರು. ಸಿದರಾಯ ಮಾಸ್ತರರು ಅವಳ ಪರವಾಗಿ ಒಂದೆರಡು ಮಾತಾಡಲು ನೋಡಿದರು. ಹಿರಿಯರೊಬ್ಬರು ಅವರನ್ನು ತಡೆದು, "ಕೋರ್ಟು ನಂಬದ ಬಾಯಾರ ಮಾತು ಮಕ್ಕಳು ಹೆಂಗ ನಂಬಬೇಕ್ರಿ?" ಎಂದರು. ಪರೀಕ್ಷೆಯವರೆಗೆ ಇರಲಿ, ಮುಂದಿನ ವರ್ಷದ್ದು ಆಮೇಲೆ ನೋಡೋಣ ಎಂದು ಠರಾಯಿಸಿದರು. ಕಾಂತಾ ವರ್ಗಕ್ಕೆ ಹೋಗಿ ಹಲಗೆಯ ಮೇಲೆ ಹೃದಯದ ಚಿತ್ರ ಬರೆದಳು. ನಾಲ್ಕು ಕೋಣೆಗಳ ಹೆಸರು ಬರೆದು, ಕೆಳಗೆ ಗೆರೆ ಎಳೆದಳು. ಮಕ್ಕಳು ನೋಡಿ ಬರೆದುಕೊಂಡರು. ಏನು ಕಂಡಿರಿ ಎಂದು ಅವಳು ಕೇಳಲಿಲ್ಲ.

ಮುಂದಿನ ರವಿವಾರ ಸಂಗವ್ವ ಬಟ್ಟೆಯ ಗಂಟು ಕಟ್ಟಿಕೊಂಡು, "ನದೀಗಿ ಬರ್ತೀರೇನ್ರಿ ವೈನಿ?" ಎಂದು ಕೇಳಿದಳು. ಇಬ್ಬರೂ ಮಲಪ್ರಭೆಗೆ ಹೋದರು. ನೀರು ತಗ್ಗಿ ಬಂಡೆಗಳು ಮೇಲೆದ್ದಿದ್ದವು. ಚಂದ್ರಿ ದಡದಲ್ಲಿ ಉಸುಕಿನ ಗುಡಿ ಕಟ್ಟುತ್ತಿದ್ದಳು. ಸಂಗವ್ವ ಬಹಳ ಹೊತ್ತು ಬಟ್ಟೆ ಒಗೆದಳು. ಆಮೇಲೆ, ಕೈ ನಿಲ್ಲಿಸದೆ ಕೇಳಿದಳು:

"ನಾನೂ ನಿಮ್ಮಂಗ ಹೇಳಿದ್ರ ಅಣ್ಣ ಎಷ್ಟು ವರ್ಷಕ್ಕ ಬರ್ತಿದ್ದ?"

"ವಕೀಲರು ಏಳೆಂಟು ವರ್ಷ ಅಂದಿದ್ರು."

"ಎಂಟು ಅಂತ ತಿಳೀರಿ." ಸಂಗವ್ವ ಮಗಳ ಕಡೆ ನೋಡಿದಳು. ತುಟಿಯಲ್ಲೇ ಏನೋ ಎಣಿಸಿದಳು. "ಇಕಿ ಹದಿಮೂರು ವರ್ಷದಾಕಿ ಆಗಿರ್ತಿದ್ಲು. ಮಾಮಾ ಅಂತ ಹಾದಿ ನೋಡ್ತಿದ್ಲು. ಅವ ಬಂದು ಇಕೀಗಿ ಅಂಗಿ ತರ್ತಿದ್ದ, ಬಳಿ ತರ್ತಿದ್ದ."

"ಸಂಗವ್ವಾ, ನೀ ಹೇಳಿದ್ದು ತಪ್ಪಲ್ಲ."

"ತಪ್ಪು ಅಂತ ನಾನೂ ಅನ್ನಾಕತ್ತಿಲ್ಲರಿ," ಎಂದಳು ಸಂಗವ್ವ. ಕಣ್ಣು ಒರೆಸಿಕೊಳ್ಳಲು ಕೈ ಎತ್ತಿದವಳು, ಸಬಕಾರದ ನೊರೆಯ ಕೈ ಎಂದು ಹಾಗೆಯೇ ಇಳಿಸಿದಳು. ನೀರಿನಿಂದ ತಾಯಿಯ ದಪ್ಪನೆಯ ಸೀರೆಯನ್ನು ಎಳೆದುಕೊಂಡು ಅದರ ಒಂದು ತುದಿಯನ್ನು ಕಾಂತಾಳ ಕಡೆ ಚಾಚಿದಳು.

"ಆ ಕಡಿ ಹಿಡೀರಿ ವೈನಿ. ಒಬ್ಬಾಕಿಗಿ ಹಿಂಡಾಕ ಆಗೂದಿಲ್ಲ."